ದಾನವ್ವನ ದನಿ

ಅತ್ತಿಗೆ ದಾನವ್ವ ಮಾತಿಗೆ ತಪ್ಪುವಳೆಂದು ಉಳವಪ್ಪ ಕನಸಿನಲ್ಲಿಯೂ ಎಣಿಸಿರಲಿಲ್ಲ. ಹೆಸರಿಗೆ ತಕ್ಕಂತೆ ಬಾಳಿದವರು ಯಾರೆಂದು ಕೇಳಿದರೆ ಅವನು ಮೊದಲು ಆಕೆಯನ್ನೇ ತೋರಿಸುತ್ತಿದ್ದ. ಆಡೂರಿನ ಹಳೆಯ ಪಡಸಾಲೆ ಮನೆ ಅವನ ಉಸಿರಿರುವವರೆಗೂ ಅವನದೆಂದು ಇಷ್ಟಲಿಂಗ ಮುಟ್ಟಿ ನುಡಿದವಳು, ಅದನ್ನು ಮಗನ ಹೆಸರಿಗೆ ಬರೆದಿಟ್ಟು ಕಣ್ಣು ಮುಚ್ಚಿದ್ದಳು. ಮಣ್ಣಿಗಿಟ್ಟು ಬಂದ ಮೂರನೆಯ ದಿನವೇ ಆ ಮಗ, ಮಹಾಲಿಂಗಪ್ಪ, ಮನೆ ಕೆಡವಿ ಮಳಿಗೆ ಕಟ್ಟಿಸುವ ಮಾತೆತ್ತಿದ.

"ಹಾನಗಲ್ಲಿನ್ಯಾಗ ಒಂದು ಖೋಲಿ ನೋಡಿಕೊಳ್ರಿ ಕಾಕಾ, ಬಾಡಿಗಿ ನಾ ಕೊಡ್ತೇನಿ."

ಆ ಪಡಸಾಲೆಯಲ್ಲಿ ಉಳವಪ್ಪನ ಆಯುಷ್ಯವೇ ಇತ್ತು. ಮದುವೆ, ಮಕ್ಕಳೆಂಬ ಹಂಗಿಲ್ಲದೆ ಅವನು ನಾಲ್ಕು ತಾಲೂಕುಗಳ ಹೆಸರು, ಅಡ್ಡಹೆಸರುಗಳನ್ನು ಕೂಡಿಹಾಕಿದ್ದ. ಸವಣೂರಿನ ಎಲೆತೋಟದವರು ಎಲಿಗಾರರಾದದ್ದು, ಹಿರೇಬೆಂಡಿಗೇರಿ ತೊರೆದವರು ಹೋದಲ್ಲೆಲ್ಲ ಬೆಂಡಿಗೇರಿಯೇ ಆದದ್ದು ಅವನಿಗೆ ಕರತಲಾಮಲಕ. ಅವನ ಹೆಸರೇ ಉಳವಿ ಯಾತ್ರೆಯ ಹರಕೆಯ ಫಲ. ಕೂಸು ಉಳಿಯದ ಮನೆಯವರು ಹುಟ್ಟಿದ ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣನೆಂದು ಕರೆಯುವ ಬಗೆಯನ್ನು ದಾನವ್ವನೇ ಅವನು ರೆಕಾರ್ಡಿಗಿಟ್ಟ ಫೋನಿನ ಮುಂದೆ ಕುಳಿತು ವಿವರಿಸಿದ್ದಳು. ಇಂಥ ಸಂಜೆಗಳು ಎಷ್ಟೋ. ಆಕೆಯ ದನಿಯೆಲ್ಲ ಅವನ ಬಳಿ ಭದ್ರವಾಗಿತ್ತು.

ಅದರಿಂದಲೇ ಉಪಾಯ ಹುಟ್ಟಿತು. ಸತ್ತವರ ದನಿಯಲ್ಲಿ ಬೇಕಾದುದನ್ನು ಆಡಿಸುವ ತಂತ್ರಾಂಶ ಈಗ ಯಾರಿಗೂ ನಿಲುಕುವಂಥದು. ಕೋರ್ಟಿನ ಗೊಡವೆ ಬೇಕಿರಲಿಲ್ಲ. ಮಹಾಲಿಂಗಪ್ಪ ದುರಾಸೆಯವನಾದರೂ ತಾಯಿಯ ಮಾತು ಮೀರುವವನಲ್ಲ. ಉಳವಪ್ಪ ಶಾಸನದ ಪಾಠ ತಿದ್ದುವಷ್ಟೇ ಶ್ರದ್ಧೆಯಿಂದ ಆ ಮಾತನ್ನು ಕಟ್ಟಿದ. ಮುಖ್ಯ ಮಾತಿಗೆ ಮುಂಚಿನ ಆಕೆಯ ಸಣ್ಣ ಕೆಮ್ಮು, ಉಬ್ಬಸದ ಎಳೆತ, ಹಿಂದೆ ಕೀರಲಿಡುವ ಫ್ಯಾನು, ಯಾವುದನ್ನೂ ಬಿಡಲಿಲ್ಲ. ಲಿಂಗಪೂಜೆಗೆ ಕುಳಿತಾಗ ವಿಭೂತಿಯನ್ನು ಎರಡು ಸಲ ಧರಿಸಿದ. ಆಕೆ ನುಂಗಿದ ಸತ್ಯವನ್ನು ಆಕೆಯಿಂದಲೇ ಆಡಿಸುತ್ತಿದ್ದೇನೆ, ಇದರಲ್ಲಿ ಪಾಪವೆಲ್ಲಿಯದು ಎಂದು ಮನಸ್ಸನ್ನು ಒಪ್ಪಿಸಿದ.

ತೀರಿಹೋದ ಅತ್ತಿಗೆಯ ಹೆಸರಿನಲ್ಲಿ ನಡೆದ ಶಿವಗಣಾರಾಧನೆಯ ದಿನ, ಪ್ರಸಾದ ಮುಗಿದ ಮೇಲೆ, ಊರ ಹಿರಿಯ ಮೃತ್ಯುಂಜಯನವರ ಎದುರಿನಲ್ಲಿಯೇ ಅವನು ಫೋನನ್ನು ನಡುವಿಟ್ಟ. ಅತ್ತಿಗೆ ಕಡೆಗಾಲದಲ್ಲಿ ಆಡಿದ್ದು, ಎಲ್ಲರೆದುರು ಕೇಳಿಸೆಂದಿದ್ದಳು ಎಂದಷ್ಟೇ ಹೇಳಿದ.

"ಮಹಾಲಿಂಗಾ," ಎಂದಿತು ದಾನವ್ವನ ದನಿ, "ಪಡಸಾಲಿ ಮನಿ ನಿಮ್ಮ ಕಾಕಾಂದು. ನಿಮ್ಮಪ್ಪ ಇದ್ದಾಗಿನ ಮಾತದು. ನನ್ನ ಲಿಂಗ ಮುಟ್ಟಿದ ಕೈ ಸುಳ್ಳು ಮಾಡಬ್ಯಾಡ."

ಒಳಗಿನಿಂದ ಹೆಂಗಸರ ಬಿಕ್ಕಳಿಕೆ ಕೇಳಿಸಿತು. ಮೃತ್ಯುಂಜಯನವರು ಕಣ್ಣೊರೆಸಿಕೊಂಡು, ಇನ್ನು ಮಾತಿಲ್ಲವೆಂದರು. ಮಹಾಲಿಂಗಪ್ಪ ಫೋನಿಗೆ ಕೈ ಮುಗಿದ. ಉಳವಪ್ಪ ಮನಸ್ಸಿನಲ್ಲಿಯೇ ಅತ್ತಿಗೆಯನ್ನು ಕ್ಷಮಿಸಿದ.

ಮುಗಿದ ಕೈಗಳನ್ನು ಇಳಿಸದೆ ಮಹಾಲಿಂಗಪ್ಪ ಇನ್ನೊಮ್ಮೆ ಕೇಳಿಸೆಂದ. ಮೊದಲ ಮಾತಿಗೇ ಸಾಕೆಂದ. "ಅವ್ವ ನನಗ ಒಂದಿನಾನೂ ಹೆಸರು ಹಿಡದು ಕರದಿಲ್ರಿ, ಕಾಕಾ. ಹುಟ್ಟಿದಾಗಿಂದ 'ಅಪ್ಪಾ' ಅಂತಿದ್ಲು. ಮಾವನ ಹೆಸರು ಸೊಸಿ ಬಾಯಾಗ ಹೆಂಗ ಬರ್ತೇತ್ರಿ?" ಒಳಗಿನ ಬಿಕ್ಕಳಿಕೆ ನಿಂತಿತು. ಅಣ್ಣನ ಹೆಸರು ಅತ್ತಿಗೆಯ ಬಾಯಲ್ಲಿ ಬಾರದಂತೆ ಉಳವಪ್ಪ ಎಚ್ಚರ ವಹಿಸಿದ್ದ. 'ಅಪ್ಪಾ' ಎಂಬುದನ್ನು ಮಾತ್ರ ತಾಯಿಯ ಮುದ್ದೆಂದೇ ಬಗೆದಿದ್ದ. ತನ್ನ ತಂದೆ ಮಹಾಲಿಂಗಪ್ಪನ ಹೆಸರನ್ನು ತೊಟ್ಟಿಲಲ್ಲಿ ಆ ಕೂಸಿನ ಕಿವಿಗೆ ಉಸುರಿ, ಹೆತ್ತವಳು ಆ ಹೆಸರೆತ್ತದಂತೆ ಮಾಡಿದವನು ಅವನೇ.