ಮುಸ್ಸಂಜೆಯ ನಲವತ್ತೊಂದು ಬೀಜ

"ಪೊಟ್ಟಣ ಕೆಳಗಿಡು!"

ಕತ್ತರಿಯ ಎರಡು ಅಲಗುಗಳ ನಡುವೆ ನನ್ನ ಕಿರುಬೆರಳಿತ್ತು.

ಗಿಡದ ಕೊಂಬೆ ಸವರುವ ಕತ್ತರಿ. ಹೊಸದಾಗಿ ಸಾಣೆ ಹಿಡಿಸಿದ್ದು. ಹಿಡಿದವನಿಗೆ ಎಪ್ಪತ್ತು ದಾಟಿತ್ತು. ಕೈ ನಡುಗುತ್ತಿತ್ತು.

ಗಟ್ಟಿ ಕೈಯಲ್ಲಿರುವ ಚಾಕುವಿಗೆ ನಾನು ಹೆದರುವವನಲ್ಲ. ನಡುಗುವ ಕೈಯಲ್ಲಿರುವ ಕತ್ತರಿ ಬೇರೆ ವಿಷಯ... ಯಾವಾಗ ಮುಚ್ಚಿಕೊಳ್ಳುತ್ತದೋ ಹಿಡಿದವನಿಗೇ ಗೊತ್ತಿರುವುದಿಲ್ಲ!

ಬೆಳಗಿನ ಹನ್ನೊಂದು ಗಂಟೆ. ನಾಲ್ಕನೇ ಮಹಡಿಯ ತಾರಸಿ. ಸುತ್ತ ಚೀಲಗಳಲ್ಲಿ ಟೊಮ್ಯಾಟೊ ಗಿಡಗಳು. ಎಲ್ಲವೂ ರೋಗ ಬಡಿದು ಒಣಗಿ ನಿಂತಿದ್ದವು.

"ಯಾವ ಪೊಟ್ಟಣ?"

"ನಿನ್ನ ಎಡಗಡೆ ಜೇಬಲ್ಲಿರೋದು!"

"ಅದು ನಮ್ಮಕ್ಕಂದು, ಯಜಮಾನ್ರೇ. ನಿಮ್ಮ ಬೀಜದ ಸಂಘದ ಅಧ್ಯಕ್ಷೆ. ನೀವು ಕದ್ರಿ. ನಾನು ವಾಪಸ್ ತಗೊಂಡು ಹೋಗ್ತಿದ್ದೀನಿ, ಅಷ್ಟೆ."

ಮುದುಕ ಬಾಯಿ ತೆರೆದ.

"ಸಂಘದ ಅಧ್ಯಕ್ಷೆ... ಅವರು ನಿಮ್ಮಕ್ಕನಾ? ಅವರು ಹಾಗಂದ್ರಾ?"

ಕತ್ತರಿ ಸಡಿಲವಾಯಿತು. ನನಗೆ ಅಷ್ಟು ಸಾಕಿತ್ತು. ಬೆರಳು ಎಳೆದುಕೊಂಡು ಓಡಿದೆ!

ಮೆಟ್ಟಿಲಿನಿಂದ ಅವನ ಅಳಿಯ ಮೇಲೆ ಬರುತ್ತಿದ್ದ. ಜಿಮ್ ಮೇಷ್ಟ್ರು. ಕುತ್ತಿಗೆ ಎಲ್ಲಿ ಮುಗಿದು ಭುಜ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟ. ಆ ದಾರಿ ಬಂದ್! ಪಕ್ಕದ ತಾರಸಿಗೆ ಹಾರಿದೆ. ಒಣಹಾಕಿದ ಬೆಡ್‌ಶೀಟುಗಳು ಮುಖಕ್ಕೆ ಸುತ್ತಿಕೊಂಡವು.

ಹಿಂದಿನಿಂದ ಮುದುಕನ ಕೂಗು ಕೇಳಿಸಿತು.

"ನಾಲ್ಕು ಬೀಜನಾದ್ರೂ ಬಿಟ್ಟು ಹೋಗಪ್ಪಾ...!"

ಕಳ್ಳ ಹೀಗೆ ಅಂಗಲಾಚುವುದನ್ನು ನಾನು ಎಲ್ಲೂ ಕೇಳಿರಲಿಲ್ಲ. ಆದರೂ ನಿಲ್ಲಲಿಲ್ಲ.

ನನ್ನ ಕಸುಬು ಏನು ಅಂತೀರಾ? ಕಳೆದುಹೋದದ್ದನ್ನು ಹುಡುಕಿಕೊಡುವುದು. ಬೈಕು, ನಾಯಿ, ಒಮ್ಮೊಮ್ಮೆ ಗಂಡಂದಿರು. ಟೊಮ್ಯಾಟೊ ಬೀಜ ಇದೇ ಮೊದಲು. ಅದೂ ಅಕ್ಕ ಕೇಳಿದಳು ಅಂತ. ಅಮ್ಮ ಸತ್ತಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನೆಂಟು. ತಾನು ಅರೆಹೊಟ್ಟೆ ಉಂಡು ನನ್ನನ್ನು ಸಾಕಿದವಳು. ಅವಳು ಹಾಕಿದ ಗೆರೆಯನ್ನು ನಾನು ಇವತ್ತಿನವರೆಗೂ ದಾಟಿದವನಲ್ಲ.

ಬೆಳಿಗ್ಗೆ ಬಾಗಿಲು ತೆಗೆದಾಗ ಅಕ್ಕ ಅಳುತ್ತಾ ನಿಂತಿದ್ದಳು.

"ಎಂಟು ವರ್ಷದ ಕೆಲಸ ಕಣೋ! ಕಪ್ಪು ಹಣ್ಣಿಗೆ ಬಂಗಾರದ ಪಟ್ಟೆ. ಮುಸ್ಸಂಜೆ ಅಂತ ಹೆಸರಿಟ್ಟಿದ್ದೆ. ಆ ಗಡಿಯಾರ ರಿಪೇರಿಯವನು ಎತ್ಕೊಂಡು ಹೋದ!"

"ಮತ್ತೆ ಬೆಳೆಸೋಕಾಗಲ್ವಾ?"

"ಗಿಡ ಎಲ್ಲಾ ಸತ್ತೋಯ್ತು. ಉಳಿದಿದ್ದು ಆ ಪೊಟ್ಟಣ ಒಂದೇ. ಮಧ್ಯಾಹ್ನ ಒಂದಕ್ಕೆ ಬೀಜ ಮೇಳದ ರಿಜಿಸ್ಟರ್ ಮುಚ್ಚುತ್ತೆ. ಅದರಲ್ಲಿ ಈ ತಳಿ ಅವನ ಹೆಸರಿಗೆ ಬಿದ್ರೆ ನಾನು ಸತ್ತ ಹಾಗೇ!"

ಮನೆಯಲ್ಲಿ ಕುಂಡ ಇಟ್ಟುಕೊಂಡು ಹಳೇ ತಳಿ ಉಳಿಸಿ ಹೊಸದು ಹುಟ್ಟಿಸುವವರ ಸಂಘ ಅಕ್ಕನದು. ಒಂದು ಜಾತಿಯ ಮೊಗ್ಗು ಬಿಡಿಸಿ ಇನ್ನೊಂದರ ಪರಾಗ ಸವರುತ್ತಾರೆ. ಹುಟ್ಟಿದ್ದನ್ನು ವರ್ಷವರ್ಷವೂ ಬಿತ್ತಿ, ಆರಿಸಿ, ಮತ್ತೆ ಬಿತ್ತುತ್ತಾರೆ. ಏಳೆಂಟು ವರ್ಷ ಕಳೆದ ಮೇಲೆ ಹಣ್ಣು ಹೇಳಿದ ಮಾತು ಕೇಳುತ್ತದೆ. ಮದುವೆ ಇದಕ್ಕಿಂತ ಸುಲಭ!

ಆ ಪಕ್ಕದ ತಾರಸಿಯಿಂದ ಪೈಪು ಹಿಡಿದು ಇಳಿದೆ. ಅಂಗೈ ಸುಲಿದುಹೋಯಿತು. ಬೀದಿಗೆ ಬರುವಷ್ಟರಲ್ಲಿ ಅಳಿಯನ ಸ್ಕೂಟರ್ ಮೂಲೆ ತಿರುಗಿತು.

"ಲೇ! ನಿಲ್ಲೋ!"

ಲಾಂಡ್ರಿಯ ಹಿಂಬಾಗಿಲಿಗೆ ನುಗ್ಗಿದೆ. ಒಳಗೆಲ್ಲಾ ಇಸ್ತ್ರಿಯ ಹಬೆ. ನೇತುಹಾಕಿದ ಕೋಟುಗಳ ಸಾಲಿನ ಹಿಂದೆ ಕುಕ್ಕರಗಾಲಲ್ಲಿ ಕುಳಿತೆ. ಸ್ಕೂಟರ್ ಮುಂದೆ ಹೋಯಿತು... ತಿರುಗಿ ಬಂತು... ಮತ್ತೆ ಹೋಯಿತು.

ಹಾರುವಾಗ ಬೀಜ ನಜ್ಜುಗುಜ್ಜಾಯಿತೇನೋ? ಪೊಟ್ಟಣ ಬಿಚ್ಚಿ ನೋಡಿದೆ.

ಒಂದೂ ಒಡೆದಿರಲಿಲ್ಲ. ಆದರೆ ಪ್ರತಿಯೊಂದರ ಬೆನ್ನಿಗೂ ತೆಳುವಾದ ಬಿಳಿ ಕಾಗದದ ಚೂರು ಅಂಟಿತ್ತು.

ಒಂದನ್ನು ಉಗುರಲ್ಲಿ ಕೆರೆದೆ, ಕಾಗದ ಬಿಡಲಿಲ್ಲ.

ಚಿಕ್ಕಂದಿನಲ್ಲಿ ಅಕ್ಕನ ಜೊತೆ ಈ ಕೆಲಸ ಮಾಡಿದವನು ನಾನು. ಹಣ್ಣಿನ ತಿರುಳನ್ನು ಲೋಟದ ನೀರಲ್ಲಿ ಮೂರು ದಿನ ಹುಳಿಯಲು ಬಿಡಬೇಕು. ಮನೆಯೆಲ್ಲಾ ನಾರುತ್ತದೆ. ಆಮೇಲೆ ತೊಳೆದು, ಪಿಂಗಾಣಿ ತಟ್ಟೆಯಲ್ಲಿ ಹರಡಿ, ಬೆರಳಲ್ಲಿ ತಿರುವುತ್ತಾ ಒಣಗಿಸಬೇಕು. ಒಮ್ಮೆ ಅವಸರಕ್ಕೆ ಪೇಪರ್ ಮೇಲೆ ಹರಡಿದ್ದೆ. ಕಪಾಳಕ್ಕೆ ಬಿತ್ತು! 'ಕಾಗದ ಕಚ್ಕೊಂಡ್ರೆ ಬಿಡಲ್ಲ ಕಣೋ' ಅಂದಿದ್ದಳು.

ಈ ತೆಳು ಕಾಗದವನ್ನು ನಾನು ಅರ್ಧ ಗಂಟೆ ಹಿಂದೆ ನೋಡಿದ್ದೆ. ಮುದುಕನ ಮೇಜಿನ ಮೇಲೆ ಕಂತೆ ಕಂತೆ ಇತ್ತು. ವಾಚಿನ ಸಣ್ಣ ಸಣ್ಣ ಭಾಗಗಳನ್ನು ಅದರ ಮೇಲೇ ಬಿಡಿಸಿಟ್ಟಿದ್ದ.

ಅಕ್ಕನಿಗೆ ಫೋನ್ ಮಾಡಿದೆ.

"ಸಿಕ್ತೇನೋ?"

"ಸಿಕ್ತು. ಅಕ್ಕಾ, ಇದನ್ನ ಯಾವುದರ ಮೇಲೆ ಒಣಗಿಸಿದ್ದೆ?"

"ತಟ್ಟೆ ಮೇಲೆ, ಇನ್ಯಾವುದರ ಮೇಲೆ? ಬೇಗ ಬಾ!"

ಫೋನ್ ಇಟ್ಟೆ. ತಟ್ಟೆಯ ಮೇಲಿನ ಬೀಜಕ್ಕೆ ಕಾಗದ ಎಲ್ಲಿಂದ ಅಂಟಬೇಕು? ಆದರೂ ಹೋದೆ. ಬೇರೆ ಉತ್ತರ ಇರಬಹುದು ಎಂಬ ಆಸೆ... ತಮ್ಮ ಅಲ್ವಾ!

ಬೀಜ ಮೇಳ ನಡೆಯುತ್ತಿದ್ದ ಲೈಬ್ರರಿಯ ಹಾಲ್ ತುಂಬಿತ್ತು. ಮೇಜುಗಳ ಮೇಲೆ ಸಾಲುಸಾಲು ಪೊಟ್ಟಣ. "ನನ್ನ ಹಳದಿ ತಗೊಳ್ಳಿ, ನಿಮ್ಮ ಪಟ್ಟೆಯದು ಕೊಡಿ" ಅನ್ನುವ ಗಲಾಟೆ. ಅಕ್ಕ ನನ್ನ ತೋಳು ಹಿಡಿದು ಕುರ್ಚಿಗಳನ್ನು ಪೇರಿಸಿದ್ದ ಕೋಣೆಗೆ ಎಳೆದುಕೊಂಡು ಹೋದಳು.

"ಕೊಡು!"

"ಇದು ಯಾರದ್ದು ಅಕ್ಕಾ?"

"ನಂದು."

"ಕಾಗದ ಕಚ್ಕೊಂಡಿದೆ."

ಅಕ್ಕ ಕನ್ನಡಕ ತೆಗೆದಳು. ಒರೆಸಿದಳು. ಮತ್ತೆ ಹಾಕಿಕೊಂಡಳು.

"ಇಪ್ಪತ್ತೆರಡು ವರ್ಷದಿಂದ ಈ ಸಂಘ ನಡೆಸಿದ್ದು ನಾನು. ನಾನು ಕ್ರಾಸ್ ಮಾಡಿದ್ದು ಒಂದೂ ನಿಲ್ಲಲಿಲ್ಲ ಕಣೋ! ಮೂರನೇ ವರ್ಷಕ್ಕೆ ಮತ್ತೆ ಅದೇ ಅಜ್ಜನ ಬಣ್ಣ, ಮುತ್ತಜ್ಜಿಯ ಮೂತಿ! ನನ್ನ ಮುಂದೆ ಅವನು ಮೊನ್ನೆ ಬಂದವನು. ಅವನದ್ದು ನಿಂತುಬಿಡ್ತು. ಸಲಹೆ ಕೇಳೋಕೆ ಅಂತ ಫೋಟೋ ಹಿಡ್ಕೊಂಡು ನನ್ನ ಹತ್ರನೇ ಬಂದ."

"ನಿನ್ನನ್ನ ನಂಬಿ."

"ಹೂಂ."

"ನನಗೆ ಯಾಕೆ ಸುಳ್ಳು ಹೇಳಿದೆ?"

"ನಿಜ ಹೇಳಿದ್ರೆ ತರ್ತಿದ್ಯಾ?"

"ತರ್ತಿದ್ದೆ."

ಅಕ್ಕ ಪೊಟ್ಟಣಕ್ಕೆ ಕೈ ಚಾಚಿದಳು.

ನಿಜವಾಗಿಯೂ ತರುತ್ತಿದ್ದೆ! 'ಕದಿಯಬೇಕು ಕಣೋ' ಅಂದಿದ್ದರೆ ಕದ್ದು ತರುತ್ತಿದ್ದೆ. ನನಗೆ ನೋವಾದದ್ದೇ ಅದಕ್ಕೆ. ಊರಿಗೆಲ್ಲಾ ಹೇಳುವ ಸುಳ್ಳನ್ನು ಅಕ್ಕ ನನಗೂ ಹೇಳಿದ್ದಳು. ಅತ್ತಿದ್ದೂ ಲೆಕ್ಕ ಹಾಕಿಯೇ.

ಬಾಗಿಲು ಧಡಾರನೆ ತೆರೆಯಿತು!

ಅಳಿಯ. ಅವನ ಹಿಂದೆ ಏದುಸಿರು ಬಿಡುತ್ತಾ ಮುದುಕ. ಅವರ ಹಿಂದೆ ಅರ್ಧ ಹಾಲ್.

ನಾನು ಬಾಯಿ ಬಿಡುವ ಮೊದಲೇ ಅಕ್ಕ ಕಿರುಚಿದಳು.

"ಹಿಡೀರಿ ಇವನನ್ನ! ಯಾರದ್ದೋ ಬೀಜ ಕದ್ಕೊಂಡು ಬಂದು ನನಗೆ ಮಾರೋಕೆ ನೋಡ್ತಿದ್ದಾನೆ!"

ಒಂದು ಕ್ಷಣವೂ ಯೋಚಿಸಲಿಲ್ಲ. ಮುಖ ಕೂಡ ತಿರುಗಿಸಲಿಲ್ಲ. ನನ್ನ ಕಣ್ಣನ್ನೇ ನೋಡುತ್ತಾ ಹೇಳಿದಳು.

ಅಳಿಯನ ಮುಷ್ಟಿ ಬಿತ್ತು. ತುಟಿ ಒಡೆಯಿತು. ತಡೆಯಬಹುದಿತ್ತು... ಕೈ ಏಳಲಿಲ್ಲ. ಬಿದ್ದಲ್ಲಿಂದಲೇ ಪೊಟ್ಟಣವನ್ನು ಮುದುಕನ ಕಡೆ ಚಾಚಿದೆ. ನಾನು ಒಳ್ಳೆಯವನಾಗಿಬಿಟ್ಟೆ ಅಂದುಕೊಳ್ಳಬೇಡಿ. ಅಕ್ಕನ ಕೈಗೆ ಸಿಗಬಾರದಾಗಿತ್ತು, ಅಷ್ಟೇ.

ಮುದುಕ ನೆಲದ ಮೇಲೇ ಕುಳಿತ. ರಿಪೇರಿಯ ಭೂತಗನ್ನಡಿಯನ್ನು ಒಂದು ಕಣ್ಣಿಗೆ ಸಿಕ್ಕಿಸಿಕೊಂಡು ಎಣಿಸತೊಡಗಿದ.

"ನಲವತ್ತೊಂದು. ಎಲ್ಲಾ ಇದೆ." ಭೂತಗನ್ನಡಿ ತೆಗೆದ. "ಕೈ ಹೀಗೆ ನಡುಗುತ್ತೆ. ಇನ್ನೊಂದು ಸಲ ಮೊಗ್ಗು ಬಿಡಿಸೋಕೆ ನನ್ನಿಂದ ಆಗ್ತಿರಲಿಲ್ಲ."

ಆಮೇಲೆ ಅಕ್ಕನ ಕಡೆ ತಿರುಗಿದ.

"ಗಂಟೆ ಇನ್ನೂ ಒಂದಾಗಿಲ್ಲ. ಬರೆಯಮ್ಮ."

ರಿಜಿಸ್ಟರ್ ಬರೆಯುವುದು ಅಧ್ಯಕ್ಷೆಯ ಕೆಲಸ. ಅಕ್ಕ ಬರೆದಳು. ಅವನ ಹೆಸರು, ತಳಿಯ ಹೆಸರು, ತಾರೀಖು. ಅಕ್ಷರ ಎಂದಿನಂತೆ ದುಂಡಗಿತ್ತು.

ನಾವು ಅಕ್ಕ ತಮ್ಮ ಎಂದು ಗೊತ್ತಿದ್ದೂ ಬಾಯಿ ಬಿಡಲಿಲ್ಲ, ದೂರು ಬೇಡ ಅಂದ ಮುದುಕ. ಬೀಜ ಸಿಕ್ಕಿತಲ್ಲ, ಅವನಿಗೆ ಅಷ್ಟು ಸಾಕಿತ್ತು. ಬಿಡದೆ ಇದ್ದವಳು ಅಕ್ಕ. ಸಂಘದ ಮರ್ಯಾದೆಯ ಪ್ರಶ್ನೆಯಂತೆ!

ಸ್ಟೇಷನ್ನಿನ ಬೆಂಚಿನ ಮೇಲೆ ತುಟಿಗೆ ಕರ್ಚೀಫು ಒತ್ತಿಕೊಂಡು ಕುಳಿತೆ. ಪೇದೆ ದೂರಿನ ಹಾಳೆಯನ್ನು ಜೋರಾಗಿ ಓದುತ್ತಿದ್ದ. ಓದುತ್ತಾ ಓದುತ್ತಾ ನಿಲ್ಲಿಸಿದ.

"ಆರೋಪಿಗೂ ದೂರು ಕೊಟ್ಟವರಿಗೂ ಏನು ಸಂಬಂಧ ಅನ್ನೋ ಕಡೆ 'ಪರಿಚಯ ಇಲ್ಲ' ಅಂತ ಬರೆದಿದ್ದಾರೆ. ಸರಿನಾ?"

"ಸರಿಯಾಗೇ ಇದೆ ಸಾರ್," ಅಂದೆ. "ಬೆಳಿಗ್ಗೆಯಿಂದ ಅವರು ಹೇಳಿದ್ದರಲ್ಲಿ ನಿಜ ಅಂದ್ರೆ ಅದೊಂದೇ!"