ರಟ್ಟಿನ ನಡುವಿನ ಗಿಡ

"ಕುದಿಯೋ ನೀರಲ್ಲಿ ಅದ್ದೋದಾ? ನಿಂಗೇನು ತಲೆ ಕೆಟ್ಟಿದ್ಯಾ ಚಿಕ್ಕಮ್ಮ?"

ಮನೆಯವರೆಲ್ಲ ಬಟಾಣಿ ಎಂದು ಕರೆಯುವ ಹುಡುಗಿ ಗಿಡದ ಕುಂಡವನ್ನು ಎದೆಗವಚಿಕೊಂಡು ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತಳು.

ಶಾಲೆಯ ಹಿಂದಿನ ಗೋಡೆಯ ಬಿರುಕಿನಲ್ಲಿ ಆ ಗಿಡವನ್ನು ಕಂಡು ಕುಂಡಕ್ಕೆ ತಂದವಳು ಅವಳೇ. ರಸ ತುಂಬಿದ ದಪ್ಪ ದಪ್ಪ ಎಲೆ, ತುದಿಗೊಂದು ಕೆಂಪು ಕೂದಲು. ಗಿಡಗಳನ್ನು ಒಣಗಿಸಿಡುವ ಮ್ಯೂಸಿಯಂನಲ್ಲಿ ಚಿಕ್ಕಮ್ಮನ ಕೆಲಸ. ಅವಳು ಇದ್ದಬದ್ದ ಪುಸ್ತಕವೆಲ್ಲ ಜಾಲಾಡಿ, "ಇದು ಎಲ್ಲೂ ಇಲ್ಲ ಕಣೆ. ಹೊಸ ಜಾತಿನೇ ಇರ್ಬೇಕು. ಹೂ ಬಿಡ್ಲಿ, ಯಾವ ಕುಟುಂಬದ್ದು ಅಂತ ಗೊತ್ತಾಗುತ್ತೆ" ಎಂದಿದ್ದಳು.

ಆ ಹೂವಿಗೆ ಕಾದು ಕಾದು ಬಟಾಣಿಗೆ ತಲೆ ಚಿಟ್ಟು ಹಿಡಿದಿತ್ತು. ಬೇಡವೆಂದರೂ ಅಜ್ಜಿ ಕದ್ದು ನೀರು ಹಾಕುವುದು. "ಪಾಪ, ಬಾಯಾರಿರುತ್ತೆ." ಅಣ್ಣ ದಿನಾ ರೇಗಿಸುವುದು. "ಏನಮ್ಮಾ ವಿಜ್ಞಾನಿ, ನಿನ್ನ ಕಳೆ ಹೂ ಬಿಡ್ತಾ?" ಕೊನೆಗೂ ಬಿಟ್ಟರೆ, ಈಗ ಇದು.

"ಒಣಗಿಸಿದ ಗಿಡ ಮ್ಯೂಸಿಯಂನಲ್ಲಿ ಇದ್ರೇನೇ ಹೊಸ ಹೆಸರು ಒಪ್ಪೋದು" ಎಂದಳು ಚಿಕ್ಕಮ್ಮ. "ಇಂಥ ಗಿಡ ಹಾಗೇ ಒತ್ತಿಟ್ರೆ ಒಣಗಲ್ಲ. ಸುಲಭಕ್ಕೆ ಸಾಯೋ ಜಾತಿ ಅಲ್ಲ, ಮೊದಲು ಕುದಿಯೋ ನೀರಲ್ಲಿ ಅದ್ದಿ ಸಾಯಿಸ್ಬೇಕು."

"ಫೋಟೋ ತೆಗಿ."

"ಫೋಟೋ ಸಾಲಲ್ಲ ಪುಟ್ಟಾ."

"ಹಾಗಾದ್ರೆ ನಿಧಾನಕ್ಕೆ ಒಣಗ್ಲಿ. ನಾನು ಪುಸ್ತಕದಲ್ಲಿ ಹೂ ಇಡಲ್ವಾ? ಅದಕ್ಕೇನು ನೋವಾಗುತ್ತಾ?"

ವಾದ ಮಾಡಿ ಚಿಕ್ಕಮ್ಮನಿಗೂ ಸಾಕಾಗಿತ್ತು. "ಆಯ್ತಮ್ಮ ತಾಯಿ, ನಿನ್ನಿಷ್ಟ." ಗಿಡವನ್ನು ಬೇರು ಸಮೇತ ಪೇಪರ್ ನಡುವೆ ಹರಡಿ, ಎರಡು ರಟ್ಟಿನ ಮಧ್ಯೆ ಬಿಗಿದು ಕಟ್ಟಿದರು.

ತಿಂಗಳಾದ ಮೇಲೆ ಬಿಚ್ಚಿದರು. ಹೂ ಚೆನ್ನಾಗಿ ಒಣಗಿತ್ತು. ಗಿಡ ಒಣಗಿರಲಿಲ್ಲ. ಜಜ್ಜಿದ ಕಾಂಡದಿಂದ ಬಿಳಿಚಿದ ಚಿಗುರೊಂದು ಹೊರಟು, ಪೇಪರ್ ನಡುವೆ ತೆವಳಿ, ರಟ್ಟಿನ ಅಂಚಿನ ಬೆಳಕಿನತ್ತ ಕತ್ತು ಚಾಚಿತ್ತು. ಕಳಚಿಬಿದ್ದ ಒಂದು ಎಲೆ ತನ್ನದೇ ಬೇರು ಬಿಟ್ಟಿತ್ತು.

"ಇಷ್ಟು ದಿನ ಒಳಗೆ ಒದ್ದಾಡ್ತಾ ಇತ್ತಾ?"

ಚಿಕ್ಕಮ್ಮ ಚಿಗುರಿಗೆ ಅಂಟಿದ ಪೇಪರನ್ನು ಮೆಲ್ಲಗೆ ಬಿಡಿಸಿದಳು.

ಬಟಾಣಿ ಬೇರು ಬಿಟ್ಟ ಎಲೆಯನ್ನು ಖಾಲಿ ಕುಂಡದ ಮರಳಿಗೆ ಊರಿದಳು. "ಅಜ್ಜಿ, ಇದಕ್ಕೆ ಕದ್ದು ನೀರು ಹಾಕಿದ್ರೆ ನೋಡು ಮತ್ತೆ." ಆಮೇಲೆ ತಾನೇ ಹೋಗಿ ಒಲೆಯ ಮೇಲೆ ನೀರಿಟ್ಟಳು.

ನೀರು ಕುದಿಯತೊಡಗಿತು. ಚಿಕ್ಕಮ್ಮ ಹೂವನ್ನು ಬೇರೆ ಎತ್ತಿಟ್ಟಳು.

"ನೀನು ಆಚೆ ಹೋಗು, ನಾನು ಅದ್ದುತ್ತೀನಿ."

ಬಟಾಣಿ ಅಲುಗಲಿಲ್ಲ.

"ಇಕ್ಕಳ ಕೊಡು" ಎಂದಳು. "ಬೇಗ ಮುಗಿಸೋಣ."