ಮೂರನೆಯ ಸಾಲಿನ ಕೊನೆಯ ಪಂಜರ

ಸೋಮವಾರ ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಠಾಣೆಗೆ ಬಂದದ್ದು ಇಲಿ ಕಳವಿನ ದೂರು. ದಫೇದಾರರು ಪೆನ್ನು ಕೆಳಗಿಟ್ಟು ಕನ್ನಡಕ ಒರೆಸಿಕೊಂಡರು. ನೌಕರಿಗೆ ಸೇರಿದಾಗಿನಿಂದ ಚಿನ್ನ, ಸೈಕಲ್ಲು, ಒಮ್ಮೆ ಕೀಲು ಸಮೇತ ಒಂದು ಕಬ್ಬಿಣದ ಗೇಟು ಕಳುವಾದದ್ದನ್ನು ಬರೆದುಕೊಂಡವರು ಅವರು. ಇಲಿ ಹೋಯಿತೆಂದು ಅಳುಮೋರೆ ಹಾಕಿಕೊಂಡು ಬಂದವರನ್ನು ನೋಡಿದ್ದು ಅದೇ ಮೊದಲು. ನಮ್ಮ ಕಡತದ ಕೋಣೆಯಲ್ಲಿ ಬೇಕಾದಷ್ಟಿವೆ, ಹಿಡಿದುಕೊಂಡು ಹೋಗಿ ಎಂಬ ಮಾತು ಅವರ ನಾಲಗೆಯ ತುದಿಗೆ ಬಂದಿತ್ತು. ಇನ್ಸ್‌ಪೆಕ್ಟರು ನೋಡಿದ ನೋಟಕ್ಕೆ ಅದನ್ನು ಹಾಗೇ ನುಂಗಿಕೊಂಡರು.

ಈ ಇನ್ಸ್‌ಪೆಕ್ಟರಿಗೂ ಕುರ್ಚಿಗೂ ಎಣ್ಣೆ ಸೀಗೆಕಾಯಿ. ಕೂತರೆ ಏಳಬೇಕು, ಎದ್ದರೆ ಕಿಟಕಿಗೆ ಹೋಗಬೇಕು, ಕಿಟಕಿಯಿಂದ ಬಾಗಿಲಿಗೆ. ಬೆನ್ನ ಹಿಂದೆ ಸಿಬ್ಬಂದಿ ಅವರನ್ನು ಸ್ಪ್ರಿಂಗ್ ಸಾಹೇಬ್ರು ಎನ್ನುತ್ತಿದ್ದರು. ಆ ವಾರವಂತೂ ಅವರು ಕೂತದ್ದೇ ಕಡಿಮೆ. ಎರಡು ವರ್ಷದ ಹಿಂದೆ ಅವರ ಅಕ್ಕನಿಗೆ ಕ್ಯಾನ್ಸರ್ ಆಗಿ ವಾಸಿಯಾಗಿತ್ತು. ಈಗ ಮತ್ತೆ ಸ್ಕ್ಯಾನಿಂಗ್ ಮಾಡಿದ್ದರು. ವರದಿ ಗುರುವಾರ ಬರುವುದಿತ್ತು.

ದೂರು ತಂದವರು ಇಬ್ಬರು. ಅಕ್ಕ ಚಿಕಿತ್ಸೆ ಪಡೆದ ಕ್ಯಾನ್ಸರ್ ಆಸ್ಪತ್ರೆಯ ಆವರಣದಲ್ಲೇ ಇರುವ ಸಂಶೋಧನಾ ಕೇಂದ್ರದ ಡಾಕ್ಟರಮ್ಮ ಮತ್ತು ಅಲ್ಲಿಯ ಆಡಳಿತಾಧಿಕಾರಿ. ಡಾಕ್ಟರಮ್ಮ ಸಣ್ಣ ದನಿಯಲ್ಲಿ, ಆದರೆ ಮಕ್ಕಳಿಗೂ ತಿಳಿಯುವ ಹಾಗೆ ವಿವರಿಸಿದರು. ಇವು ರೋಗದ ಜೊತೆ ಕಾದಾಡುವ ಶಕ್ತಿಯೇ ಇಲ್ಲದೆ ಹುಟ್ಟುವ ಇಲಿಗಳು. ರೋಗಿಯ ಮೂಳೆಮಜ್ಜೆಯ ಕೋಶಗಳನ್ನು ಕೊಟ್ಟರೆ ಇಲಿಯ ಮೈಯೊಳಗೆ ಮನುಷ್ಯನ ರೋಗನಿರೋಧಕ ಶಕ್ತಿ ಬೆಳೆಯುತ್ತದೆ. ಅದೇ ರೋಗಿಯ ಗಡ್ಡೆಯ ಚೂರನ್ನೂ ಇಟ್ಟು ಔಷಧಿ ಕೊಟ್ಟರೆ, ಅದು ಮನುಷ್ಯನಲ್ಲಿ ಕೆಲಸ ಮಾಡೀತೇ ಎಂಬುದು ಮೊದಲೇ ಸ್ವಲ್ಪ ತಿಳಿಯುತ್ತದೆ. ಕಳುವಾದ ಪಂಜರದ ನಾಲ್ಕು ಇಲಿಗಳಲ್ಲಿ ಗಡ್ಡೆ ಕರಗತೊಡಗಿತ್ತು. ಬೇರೆ ಯಾವ ಪಂಜರದಲ್ಲೂ ಹಾಗೆ ಆಗಿರಲಿಲ್ಲ.

ಗುರುವಾರ ಅನುದಾನ ಸಮಿತಿ ಬರುತ್ತದೆ ಎಂದರು ಆಡಳಿತಾಧಿಕಾರಿ. ಅವರಿಗೆ ಆ ಪಂಜರ ತೋರಿಸಿದರೆ ಇನ್ನೈದು ವರ್ಷ ಕೆಲಸ ನಡೆಯುತ್ತದೆ, ತೋರಿಸದಿದ್ದರೆ ಕೋಣೆಗೆ ಬೀಗ. ಡಾಕ್ಟರಮ್ಮನ ಚಿಂತೆ ಬೇರೆಯಾಗಿತ್ತು. ಹೊರಗಿನ ಒಂದು ಸಣ್ಣ ಸೋಂಕು ತಗುಲಿದರೂ ಆ ಇಲಿಗಳು ಉಳಿಯುವುದಿಲ್ಲ ಎಂದರು. ಎಫ್‌ಐಆರ್ ದಾಖಲಾಯಿತು.

ಹತ್ತೂವರೆಗೆ ಸ್ಥಳ ಪಂಚನಾಮೆ. ಪ್ರಾಣಿಗಳ ಕೋಣೆಗೆ ಹೋಗಬೇಕಾದರೆ ಮೊದಲು ಬಟ್ಟೆ ಬದಲಿಸುವ ಕೋಣೆ ದಾಟಬೇಕು. ಚಪ್ಪಲಿ ಬಿಟ್ಟು, ಕೈ ತೊಳೆದು, ಗೌನು, ಟೋಪಿ, ಮಾಸ್ಕು, ಕೈಗವಸು ಎಲ್ಲ ತೊಡಬೇಕು. ಪಂಚರಾಗಿ ಬಂದ ಇಬ್ಬರು ಆಸ್ಪತ್ರೆ ಎದುರಿನ ಅಂಗಡಿಯವರು. ಗೌನು ತೊಟ್ಟ ಮೇಲೆ ಒಬ್ಬರನ್ನೊಬ್ಬರು ನೋಡಿ ನಗು ತಡೆದುಕೊಂಡರು. ಮೂರನೆಯ ಸಾಲಿನ ಕೊನೆಯ ಜಾಗ ಖಾಲಿ. ಅಕ್ಕಪಕ್ಕದ ಪಂಜರಗಳನ್ನು ಯಾರೂ ಮುಟ್ಟಿರಲಿಲ್ಲ. ಜೊತೆಗೆ ಎರಡು ಪೊಟ್ಟಣ ಶುದ್ಧೀಕರಿಸಿದ ಆಹಾರ, ನೀರಿನ ಬಾಟಲಿಗಳು ಮಾಯ. ಕೊಲ್ಲುವುದಕ್ಕೆ ಕದ್ದವನು ಊಟ ಕಟ್ಟಿಕೊಂಡು ಹೋಗುವುದಿಲ್ಲ ಎಂದುಕೊಂಡರು ಇನ್ಸ್‌ಪೆಕ್ಟರು.

ಬಾಗಿಲು ಒಡೆದಿರಲಿಲ್ಲ. ಅದು ಅಂಕಿ ಒತ್ತಿ ತೆರೆಯುವ ಬೀಗ. ಕ್ಯಾಮೆರಾದಲ್ಲಿ ಭಾನುವಾರ ಮಧ್ಯಾಹ್ನ ಎರಡೂ ಹತ್ತಕ್ಕೆ ಒಬ್ಬರು ಬಂದು ಹೋದದ್ದು ಕಂಡಿತು. ಕಂಡದ್ದೇನು ಬಂತು, ಗೌನು, ಟೋಪಿ, ಮಾಸ್ಕಿನ ನಡುವೆ ಎರಡು ಕಣ್ಣು. ಆ ಕೋಣೆಗೆ ಹೋಗುವ ಪ್ರತಿಯೊಬ್ಬರೂ ಹಾಗೇ ಕಾಣುತ್ತಾರೆ. ಮನೆಗೆ ನುಗ್ಗುವ ಮುಂಚೆ ಇಷ್ಟು ಮಡಿಯಾಗಿ ಕೈ ತೊಳೆಯುವ ಕಳ್ಳನನ್ನು ನಾ ಕಾಣೆ ಎಂದು ದಫೇದಾರರು ಗೊಣಗಿದರು.

ಬಟ್ಟೆ ಬದಲಿಸುವ ಕೋಣೆಯ ಕಸದ ಡಬ್ಬಿಯಲ್ಲಿ ಬಳಸಿದ ಗೌನುಗಳು ಹೇಗೆಂದರೆ ಹಾಗೆ ಬಿದ್ದಿದ್ದವು. ಒಂದು ಮಾತ್ರ ಉಂಡೆಯಾಗಿತ್ತು. ಒಳಮೈ ಹೊರಗೆ ಬರುವಂತೆ ಮಡಚಿ, ಸುತ್ತಿ, ಅದರದೇ ಲಾಡಿಯಿಂದ ಬಿಗಿದಿದ್ದರು. ಪ್ರಾಣಿಗಳನ್ನು ನೋಡಿಕೊಳ್ಳುವಾತ, ನಮ್ಮಲ್ಲಿ ಯಾರಿಗೂ ಅಷ್ಟು ತಾಳ್ಮೆ ಇಲ್ಲ ಎಂದ. ಇನ್ಸ್‌ಪೆಕ್ಟರಿಗೆ ಅದನ್ನು ಎಲ್ಲೋ ನೋಡಿದ ನೆನಪು. ಎಲ್ಲಿ ಎಂಬುದು ಮಾತ್ರ ಸುತರಾಂ ಹೊಳೆಯಲಿಲ್ಲ. ಅದನ್ನು ಜಪ್ತಿ ಮಾಡಿ ಚೀಟಿ ಅಂಟಿಸಿದರು.

ಆಡಳಿತಾಧಿಕಾರಿ ಒಬ್ಬನ ಮೇಲೆ ಬೆರಳು ತೋರಿಸಿದರು. ಡಾಕ್ಟರಮ್ಮನ ಕೈಕೆಳಗಿನ ಸಂಶೋಧನಾ ವಿದ್ಯಾರ್ಥಿ. ಅನುದಾನದ ಅರ್ಜಿಯಲ್ಲಿ ತನ್ನ ಹೆಸರು ಬಿಟ್ಟರೆಂದು ಅವನು ಜಗಳವಾಡಿದ್ದನಂತೆ. ಮಂಗಳವಾರ ಪೂರ್ತಿ ಅವನ ವಿಚಾರಣೆಗೆ ಹೋಯಿತು. ಹುಡುಗ ಅತ್ತ, ಬೈದ, ಮತ್ತೆ ಅತ್ತ. ಭಾನುವಾರ ಮಧ್ಯಾಹ್ನ ಅವನು ಅತ್ತಿಗೆಯ ಹೆರಿಗೆಗೆಂದು ಬೇರೊಂದು ಆಸ್ಪತ್ರೆಯಲ್ಲಿದ್ದ. ಅಲ್ಲಿಯ ನರ್ಸು ಅವನನ್ನು ಗುರುತಿಸಿದ್ದಲ್ಲದೆ, ಮಗುವನ್ನು ಎತ್ತಿಕೊಳ್ಳಲು ಹೆದರಿದವನು ಇವನೇ ಎಂದೂ ಹೇಳಿದಳು. ದಫೇದಾರರು ಇಂಗು ತಿಂದ ಮಂಗನ ಹಾಗೆ ಠಾಣೆಗೆ ವಾಪಸಾದರು. ಒಂದು ದಿನ ನೀರುಪಾಲಾಯಿತು. ಇನ್ಸ್‌ಪೆಕ್ಟರು ಸಂಜೆಯೆಲ್ಲ ವರಾಂಡ ಸವೆಸಿದರು.

ಬುಧವಾರ ಬೆಳಿಗ್ಗೆ ಅವರು ಅಕ್ಕನಿಗೆ ಫೋನು ಮಾಡಿದರು. ಕೇಳಬೇಕಾಗಿದ್ದದ್ದು ಸ್ಕ್ಯಾನಿಂಗ್ ವಿಷಯ. ಅದನ್ನು ಕೇಳುವ ಧೈರ್ಯ ಸಾಲದೆ ಗೌನಿನ ಉಂಡೆಯ ಕತೆ ಹೇಳಿದರು.

“ಅಯ್ಯೋ ಮರೆಗುಳಿ,” ಎಂದಳು ಅಕ್ಕ. “ನಾನು ಪ್ರತ್ಯೇಕ ವಾರ್ಡಲ್ಲಿದ್ದಾಗ ಆ ದಪ್ಪ ನರ್ಸು ನಿನಗೆ ಅದನ್ನೇ ಅಲ್ವೇನೋ ಹೇಳಿಕೊಟ್ಟಿದ್ದು? ಹತ್ತು ನಿಮಿಷಕ್ಕೊಂದ್ಸಲ ಒಳಗೆ ಹೊರಗೆ ಓಡಾಡಿ ಒಂದು ದಿನಕ್ಕೆ ಅವರ ಗೌನೆಲ್ಲ ಖಾಲಿ ಮಾಡಿದ್ದೆ.”

ಇನ್ಸ್‌ಪೆಕ್ಟರು ಫೋನು ಹಿಡಿದೇ ನಿಂತುಬಿಟ್ಟರು. ಆ ವಾರ್ಡಿನಲ್ಲಿ ರೋಗಿಗಳಿಗೆ ಸೋಂಕು ತಗುಲಬಾರದೆಂದು ಜೊತೆಗಿರುವವರು ಗೌನು ತೊಡಬೇಕು, ತೆಗೆದ ಮೇಲೆ ಹೀಗೇ ಸುತ್ತಿ ಹಾಕಬೇಕು. ತಿಂಗಳುಗಟ್ಟಲೆ ಮಾಡಿದವರಿಗೆ ಅದು ಕೈಗೇ ಅಂಟಿಕೊಂಡುಬಿಡುತ್ತದೆ. ಹಾಗಾದರೆ ಕಳ್ಳ ಸಂಶೋಧನಾ ಕೇಂದ್ರದವನಲ್ಲ. ಆ ವಾರ್ಡಿನಲ್ಲಿ ಯಾರದೋ ಹಾಸಿಗೆಯ ಪಕ್ಕ ದಿನ ಕಳೆದವರು. ಕಾಲಿಗೆ ಬೆಂಕಿ ಬಿದ್ದವರಂತೆ ಅವರು ಜೀಪು ಹತ್ತಿದರು.

ಡಾಕ್ಟರಮ್ಮನ ಕೋಣೆಯಲ್ಲಿ ಇನ್ಸ್‌ಪೆಕ್ಟರು ನಿಂತೇ ಕೇಳಿದರು.

“ಆ ಪಂಜರದಲ್ಲಿರೋದು ಯಾರ ಕೋಶ?”

“ಹೇಳೋ ಹಾಗಿಲ್ಲ ಸಾರ್. ಅದು ಗುಟ್ಟು. ಪಂಜರದ ಮೇಲೂ ಬರೀ ಸಂಖ್ಯೆ ಇರುತ್ತೆ.”

“ಹಾಗಾದ್ರೆ ಕಳ್ಳನಿಗೆ ಹೇಗೆ ಗೊತ್ತಾಯ್ತು?”

ಡಾಕ್ಟರಮ್ಮ ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

“ನಾನೇ ತೋರಿಸಿದೆ,” ಎಂದರು ಕೊನೆಗೆ.

ಆಮೇಲೆ ಎಲ್ಲ ಬಾಯಿಬಿಟ್ಟರು. ಶನಿವಾರ, ಕೋಶ ದಾನ ಮಾಡಿದವರ ಮನೆಯವರನ್ನು ಕರೆದು ಒಂದು ಸಣ್ಣ ಸಭೆ ನಡೆಸಿದ್ದರು. ಅವರಲ್ಲಿ ಕೆಲವರು ಸಮಿತಿಯ ಮುಂದೆ ನಾಲ್ಕು ಮಾತಾಡಿದರೆ ಅನುದಾನಕ್ಕೆ ಅನುಕೂಲ ಎಂಬ ಲೆಕ್ಕ. ಆ ಸಭೆಯಲ್ಲಿ ಡಾಕ್ಟರಮ್ಮ, ನಿಮ್ಮವರು ಎಲ್ಲೂ ಹೋಗಿಲ್ಲ, ಈ ಗೋಡೆಯ ಆಚೆ ಇನ್ನೂ ಹೋರಾಡುತ್ತಿದ್ದಾರೆ ಎಂದಿದ್ದರು. ಅನುದಾನ ಬರದಿದ್ದರೆ ಪ್ರಾಣಿಗಳನ್ನೆಲ್ಲ ಮುಗಿಸಬೇಕಾಗುತ್ತದೆ ಎಂದು ಆಡಳಿತಾಧಿಕಾರಿ ಸೇರಿಸಿದ್ದರು. ಎಲ್ಲರನ್ನೂ ಗಾಜಿನ ಕಿಟಕಿಯವರೆಗೆ ಕರೆದುಕೊಂಡು ಹೋಗುವಾಗ ಬಾಗಿಲ ಅಂಕಿಯನ್ನು ಅವರೆದುರೇ ಒತ್ತಿದ್ದರು. ಅಲ್ಲಿ ಒಬ್ಬ ತಾಯಿ, ಇದರಲ್ಲಿ ನಮ್ಮ ಹುಡುಗ ಯಾವುದು ಎಂದು ಕೇಳಿದ್ದಳು. ಡಾಕ್ಟರಮ್ಮ ನಿಯಮ ಮರೆತು ಮೂರನೆಯ ಸಾಲಿನ ಕೊನೆಗೆ ಬೆರಳು ತೋರಿಸಿದ್ದರು.

ಆ ತಾಯಿ ಶಾಲಾ ವ್ಯಾನು ಓಡಿಸುವಾಕೆ. ಮಕ್ಕಳೆಲ್ಲ ವ್ಯಾನ್ ಆಂಟಿ ಎನ್ನುತ್ತಿದ್ದರು. ಒಬ್ಬನೇ ಮಗ, ಕಳೆದ ವರ್ಷ ಹದಿನಾರಕ್ಕೆ ತೀರಿಕೊಂಡಿದ್ದ. ಮಹಿಳಾ ಕಾನ್‌ಸ್ಟೇಬಲ್ ಮಫ್ತಿಯಲ್ಲಿ ಶಾಲೆಗೆ ಹೋಗಿ ವಿಚಾರಿಸಿಕೊಂಡು ಬಂದಳು. ವ್ಯಾನ್ ಆಂಟಿ ಸೋಮವಾರದಿಂದ ಬಂದಿಲ್ಲ. ಮನೆಯಲ್ಲಿ ಮಗನಿಗೆ ಹುಷಾರಿಲ್ಲ ಎಂದು ಹೇಳಿ ಕಳಿಸಿದ್ದಾಳೆ. ಹುಡುಗ ಸತ್ತದ್ದು ಮುಖ್ಯೋಪಾಧ್ಯಾಯಿನಿಗೆ ಗೊತ್ತಿತ್ತು. ಮರುಮಾತು ಕೇಳಲು ಬಾಯಿ ಬರಲಿಲ್ಲವಂತೆ.

ಮಧ್ಯಾಹ್ನ ಎರಡೂವರೆಗೆ ಇನ್ಸ್‌ಪೆಕ್ಟರು, ದಫೇದಾರರು, ಮಹಿಳಾ ಕಾನ್‌ಸ್ಟೇಬಲ್ ಆಕೆಯ ಮನೆ ತಲುಪಿದರು. ಹಳದಿ ವ್ಯಾನು ಕೆಳಗೆ ನಿಂತಿತ್ತು. ಮೇಲಿನ ಮಹಡಿಯ ಬಾಗಿಲು ತೆರೆದಾಕೆ ಮಾಸ್ಕು ಹಾಕಿಕೊಂಡಿದ್ದಳು. ಸಮವಸ್ತ್ರ ನೋಡಿ ಗಾಬರಿಯಾಗಲಿಲ್ಲ. ಬೂಟು ಹೊರಗೇ ಬಿಟ್ಟು, ಮೊಣಕೈವರೆಗೂ ತೊಳೆದುಕೊಂಡು ಬನ್ನಿ ಎಂದಳು. ಶೋಧನೆಗೆ ಬಂದ ಪೊಲೀಸರು ಹೇಳಿದ್ದನ್ನು ಜನ ಕೇಳುವುದು ವಾಡಿಕೆ. ಇಲ್ಲಿ ಉಲ್ಟಾ ಆಯಿತು. ಮೂವರೂ ಸಾಲಾಗಿ ನಿಂತು ಕೈ ತೊಳೆದರು.

ಮಗನ ಕೋಣೆಯ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಬಿಗಿದಿತ್ತು. ಅವನು ಆಸ್ಪತ್ರೆಯಿಂದ ಮನೆಗೆ ಬಂದಾಗ ಕೊಂಡಿದ್ದ ಗಾಳಿ ಶುದ್ಧ ಮಾಡುವ ಯಂತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು. ಓದುವ ಮೇಜಿನ ಮೇಲೆ ಪಂಜರ. ನಾಲ್ಕೂ ಇಲಿಗಳು ಒಂದರ ಮೇಲೊಂದು ಬಿದ್ದು ಮಲಗಿದ್ದವು. ಇನ್ಸ್‌ಪೆಕ್ಟರು ಅಭ್ಯಾಸದಂತೆ ಕಿಟಕಿಯ ಕಡೆ ಹೊರಟರು.

“ಓಡಾಡ್ಬೇಡಿ ಸಾರ್, ಧೂಳು ಏಳುತ್ತೆ. ಕೂತ್ಕೊಳ್ಳಿ.”

ಅವರು ಕೂತರು. ಇದನ್ನು ಆಮೇಲೆ ಠಾಣೆಯಲ್ಲಿ ದಫೇದಾರರು ಹೇಳಿದಾಗ ಒಬ್ಬರೂ ನಂಬಲಿಲ್ಲ.

“ಭಾನುವಾರ ಒಳಗೆ ಹೋದವರು ನೀವೇನಾ?”

“ಹೌದು.”

“ಬಾಗಿಲ ನಂಬರು?”

“ನಾಲ್ಕು ಸೊನ್ನೆ. ಚಿಕ್ಕ ಮಕ್ಕಳಿಗೂ ನೆನಪಿರುತ್ತೆ.”

“ಯಾಕೆ ತಂದ್ರಿ?”

ಆಕೆ ಪಂಜರವನ್ನೇ ನೋಡುತ್ತಿದ್ದಳು. “ದುಡ್ಡು ಬರದಿದ್ರೆ ಮುಗಿಸ್ತೀವಿ ಅಂದ್ರಲ್ಲ. ಒಂದ್ಸಲ ಅವನನ್ನ ಅಲ್ಲಿ ಬಿಟ್ಟು ಬರೀ ಕೈಯಲ್ಲಿ ಮನೆಗೆ ಬಂದಿದ್ದೀನಿ. ಇನ್ನೊಂದ್ಸಲ ನನ್ನ ಕೈಲಿ ಆಗಲ್ಲ ಸಾರ್.”

ಪಂಜರ ಗುರುತಿಸಲೆಂದು ಇನ್ಸ್‌ಪೆಕ್ಟರು ಡಾಕ್ಟರಮ್ಮನಿಗೂ ಬರಹೇಳಿದ್ದರು. ಆಗಲೇ ಅವರೂ ಬಂದರು. ಮೆಟ್ಟಿಲ ಮೇಲೆ ಅವರನ್ನು ತಡೆದು, ಇಲಿಗಳು ಜೀವಂತವಾಗಿವೆ, ನಾಳೆ ತೋರಿಸಬಹುದಲ್ಲ ಎಂದರು ಇನ್ಸ್‌ಪೆಕ್ಟರು. ಡಾಕ್ಟರಮ್ಮ ತಲೆ ಅಲ್ಲಾಡಿಸಿದರು. ಒಮ್ಮೆ ಹೊರಗಿನ ಗಾಳಿ ಸೋಕಿದ ಇಲಿಯನ್ನು ಮತ್ತೆ ಒಳಗೆ ಸೇರಿಸುವ ಹಾಗಿಲ್ಲ, ಸೋಂಕು ಇಡೀ ಕೋಣೆಗೆ ಹಬ್ಬುತ್ತದೆ. ಈ ನಾಲ್ಕನ್ನೂ ಮುಗಿಸಲೇಬೇಕು. ಇನ್ಸ್‌ಪೆಕ್ಟರಿಗೆ ಯಾರ ಮೇಲೆಂದು ಗೊತ್ತಾಗದ ಸಿಟ್ಟು ನೆತ್ತಿಗೇರಿತು. ಉಳಿಸಲೆಂದು ತಂದದ್ದೇ ಅವುಗಳ ಸಾವಿಗೆ ಕಾರಣವಾಯಿತು ಎಂದು ಆ ತಾಯಿಗೆ ಹೇಗೆ ಹೇಳುವುದು?

“ನೀವೇ ಹೇಳಿ,” ಎಂದರು. “ಮೊನ್ನೆ ಹೇಳಿದವರೂ ನೀವೇ ತಾನೆ.”

ಡಾಕ್ಟರಮ್ಮ ಕೈ ತೊಳೆದುಕೊಂಡು ಬಂದು ಆಕೆಯ ಎದುರು ನೆಲದ ಮೇಲೇ ಕೂತರು. ಈ ಸಲ ಬಣ್ಣ ಕಟ್ಟಲಿಲ್ಲ. ಇಲಿಗಳು ಇನ್ನು ಒಳಗೆ ಬರುವಂತಿಲ್ಲ, ಮುಗಿಸಬೇಕು ಎಂದರು. ತರದೆ ಇದ್ದಿದ್ದರೂ ಅವು ಬದುಕುತ್ತಿದ್ದದ್ದು ಇನ್ನೆರಡು ಮೂರು ತಿಂಗಳು ಅಷ್ಟೇ ಎಂದರು.

“ಹೋರಾಡ್ತಿದ್ದದ್ದು ಅವನ ರಕ್ತದ ಕೋಶ. ಅವನಲ್ಲ. ಕೇಳಿದವರ ಮನಸ್ಸು ಕರಗ್ಲಿ, ಅನುದಾನ ಸಿಗ್ಲಿ ಅಂತ ನಾನು ಹಾಗೆ ಹೇಳಿದೆ. ಹೇಳಬಾರದಿತ್ತು.”

ಮಹಿಳಾ ಕಾನ್‌ಸ್ಟೇಬಲ್ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

“ಹಾಗಾದ್ರೆ ಅವನದು ಅಂತ ಏನೂ ಉಳಿಯಲ್ಲ,” ಎಂದಳು ತಾಯಿ.

“ಉಳಿದಿದೆ. ಅವನ ಕೋಶಗಳನ್ನ ಹೆಪ್ಪುಗಟ್ಟಿಸಿ ಇಟ್ಟಿದ್ದೀವಿ. ಹೊಸ ಇಲಿಗಳಿಗೆ ಕೊಡೋದು ಅದನ್ನೇ. ದುಡ್ಡು ಬರದಿದ್ರೂ ಅದನ್ನ ಯಾರೂ ಬಿಸಾಕಲ್ಲ. ಮುಂದೆ ಯಾರಾದ್ರೂ ಕೆಲಸ ಮುಂದುವರಿಸ್ಬಹುದು.”

ತಾಯಿ ಮೊದಲ ಸಲ ಡಾಕ್ಟರಮ್ಮನ ಮುಖ ನೋಡಿದಳು. “ಇಷ್ಟನ್ನ ಆವತ್ತೇ ಹೇಳಿದ್ದಿದ್ರೆ ಸಾಕಿತ್ತಲ್ಲಮ್ಮ,” ಎಂದಳು.

ಬೈದಿದ್ದರೂ ಆಗುತ್ತಿತ್ತು. ಆ ಮಾತಿಗೆ ಡಾಕ್ಟರಮ್ಮ ತಲೆ ತಗ್ಗಿಸಿದವರು ಮತ್ತೆ ಎತ್ತಲಿಲ್ಲ. ತಾಯಿಯೇ ಎದ್ದು ಪಂಜರವನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮಡಿಲಿಗೆ ಕೊಟ್ಟಳು. ಯಂತ್ರ ಆರಿಸಿದಳು, ಮಾಸ್ಕು ತೆಗೆದಳು. ಮೂರೂ ಐವತ್ತಕ್ಕೆ ಜಪ್ತಿ ಪಂಚನಾಮೆ ಮುಗಿದು ಆಕೆಯ ದಸ್ತಗಿರಿಯಾಯಿತು. ಸಂಜೆ ಜಾಮೀನಿನ ಮೇಲೆ ಬಿಟ್ಟರು. ಮಹಿಳಾ ಕಾನ್‌ಸ್ಟೇಬಲ್ ಮನೆಯವರೆಗೂ ಜೊತೆಗೆ ಹೋಗಿ ಬಂದಳು.

ಗುರುವಾರ ಸಮಿತಿ ಬಂತು. ಡಾಕ್ಟರಮ್ಮ ಖಾಲಿ ಜಾಗವನ್ನೇ ತೋರಿಸಿ ನಡೆದದ್ದನ್ನು ನಡೆದ ಹಾಗೆ ಹೇಳಿದರಂತೆ. ತೀರ್ಮಾನ ಆಮೇಲೆ ತಿಳಿಸುತ್ತೇವೆ ಎಂದು ಅವರು ಎದ್ದರು. ಆಡಳಿತಾಧಿಕಾರಿ ಬೀಗದ ಅಂಕಿ ಬದಲಾಯಿಸಿದರು. ಈಗ ನಾಲ್ಕು ಸೊನ್ನೆಯ ಬದಲು ನಾಲ್ಕು ಒಂದು ಇರಬೇಕು ಎಂದು ದಫೇದಾರರ ಊಹೆ.

ಅದೇ ಸಂಜೆ ಇನ್ಸ್‌ಪೆಕ್ಟರು ಅಂತಿಮ ವರದಿ ಬರೆಸುತ್ತ ಓಡಾಡುತ್ತಿದ್ದಾಗ ಅಕ್ಕನ ಫೋನು ಬಂತು.

“ವರದಿ ಬಂತು ಕಣೋ. ಎಲ್ಲ ಚೆನ್ನಾಗೇ ಇದೆ ಅನ್ಕೋ.”

“ಅನ್ಕೊಳ್ಳೋದು ಬೇಡ ಅಕ್ಕ. ಅದರಲ್ಲಿ ಏನಿದೆಯೋ ಅದನ್ನ ಓದು.”

ಅಕ್ಕ ಕಾಗದ ಬಿಡಿಸಿದ ಸದ್ದು ಕೇಳಿಸಿತು. ಆಮೇಲೆ ಓದಿದಳು. ಒಂದು ಸಣ್ಣ ಚುಕ್ಕೆ ಕಾಣುತ್ತಿದೆ, ಏನೆಂದು ಈಗಲೇ ಹೇಳಲಾಗದು, ಮೂರು ತಿಂಗಳ ನಂತರ ಮತ್ತೆ ನೋಡಬೇಕು. ಇನ್ಸ್‌ಪೆಕ್ಟರು ಕುರ್ಚಿ ಎಳೆದುಕೊಂಡು ಕೂತು ಪೂರ್ತಿ ಕೇಳಿದರು. ಭಾನುವಾರ ಮನೆಗೆ ಬರುತ್ತೇನೆ ಎಂದರು. ಬಂದು ಒಂದು ಕಡೆ ಕೂರುವುದಾದರೆ ಮಾತ್ರ ಬಾ ಎಂದಳು ಅಕ್ಕ.

ಫೋನಿಟ್ಟ ಮೇಲೆ, ಕೃತ್ಯಕ್ಕೆ ಕಾರಣ ಎಂಬಲ್ಲಿ ಏನು ಬರೆಯಲಿ ಎಂದು ದಫೇದಾರರು ಕೇಳಿದರು. ಇನ್ಸ್‌ಪೆಕ್ಟರು ಕಾಗದ ಎಳೆದುಕೊಂಡು ತಾವೇ ಬರೆದರು: ‘ಆರೋಪಿಗೆ ಅರ್ಧ ಮಾತ್ರ ಹೇಳಲಾಗಿತ್ತು. ಉಳಿದರ್ಧ ತಿಳಿದಿದ್ದರೆ ಈ ಕಳವು ನಡೆಯುತ್ತಿರಲಿಲ್ಲ.’ ಇದನ್ನು ಕೋರ್ಟು ಒಪ್ಪಲಿಕ್ಕಿಲ್ಲ ಸಾರ್ ಎಂದರು ದಫೇದಾರರು. ಇರಲಿ ಬಿಡಿ ಎಂದು ಇನ್ಸ್‌ಪೆಕ್ಟರು ಕೆಳಗೆ ಸಹಿ ಹಾಕಿದರು.